ಆ ಗ್ರಹದ ಡ್ಯಾಮ್ ಇರುವುದು ಸ್ಕಾಟ್ಲೆಂಡಿನಲ್ಲಿ

ನಮ್ಮ ದೊಡ್ಡಪ್ಪನಿಗೆ ಸ್ಟಾರ್ ವಾರ್ಸ್ ಗೊತ್ತಿಲ್ಲ. ಡ್ಯಾಮ್ ಗೊತ್ತು. ಸಾಗರದ ಅವರ ಮನೆಯಲ್ಲಿ ಮಳೆಗಾಲದ ಒಂದು ರಾತ್ರಿ ನಾವು ಅಣ್ಣತಮ್ಮಂದಿರು ಸೇರಿ ‘ಆ್ಯಂಡೋರ್’ ಎಂಬ ಸ್ಟಾರ್ ವಾರ್ಸ್ ಸರಣಿ ನೋಡುತ್ತಿದ್ದೆವು. ಮೊದಲ ಸೀಸನ್ನಿನ ಆರನೇ ಕಂತು. ಆಲ್ಡಾನಿ ಎಂಬ ಗ್ರಹ. ಬೆಟ್ಟದ ನಡುವೆ ಒಂದು ಡ್ಯಾಮ್, ಅದರೊಳಗೆ ಸಾಮ್ರಾಜ್ಯದ ಖಜಾನೆ, ಅದನ್ನು ದೋಚಲು ಬಂದ ಏಳೆಂಟು ಜನ. ಮಂಡಕ್ಕಿ ತಟ್ಟೆ ಹಿಡಿದು ಹಾದು ಹೋಗುತ್ತಿದ್ದ ದೊಡ್ಡಪ್ಪ ನಿಂತರು. ಎರಡು ನಿಮಿಷ ನೋಡಿದರು. “ಇದು ನಿಜವಾದ ಡ್ಯಾಮೇ ಮಾರಾಯ. ಸೆಟ್ ಅಲ್ಲ. ಸಿಮೆಂಟಿನ ಮೇಲೆ ನೀರು ಇಳಿದ ಕಲೆ ನೋಡು. ಕೆಳಗೆಲ್ಲೋ ಪವರ್ ಹೌಸ್ ಇರಬೇಕು.”

ಅವರು ಹೇಳಿದ್ದು ಸರಿ. ಅದು ಸ್ಕಾಟ್ಲೆಂಡಿನ ಕ್ರುವಾಖನ್ ಡ್ಯಾಮ್. ಅದಕ್ಕೆ ಪವರ್ ಹೌಸ್ ಇದೆ, ಅದೂ ಬೆಟ್ಟದ ಹೊಟ್ಟೆಯೊಳಗೆ. ಆಮೇಲೆ ಕರೆಂಟು ಹೋಯಿತು. ಶರಾವತಿಯ ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತದೆ, ನಮಗೆ ಮಳೆ ಬಂದರೆ ಮೋಂಬತ್ತಿ. ಕತ್ತಲಲ್ಲಿ ಕೂತು ಮಾತು ಎಲ್ಲೆಲ್ಲಿಗೋ ಹೋಯಿತು. ಪ್ರೀಕ್ವೆಲ್ ಅಂದರೇನು? ಕೊನೆ ಗೊತ್ತಿರುವ ಕಥೆಯನ್ನು ಯಾಕೆ ನೋಡಬೇಕು? ನಮ್ಮ ಭೂಮಿಯ ಒಂದು ಜಾಗ ಬೇರೆ ಗ್ರಹ ಆಗುವುದು ಹೇಗೆ? ಅಭಿಮಾನಿಗಳು ಅದನ್ನು ಪತ್ತೆ ಹಚ್ಚುವುದು ಹೇಗೆ? ಆವತ್ತಿನ ಮಾತನ್ನೇ ಸ್ವಲ್ಪ ಒಪ್ಪವಾಗಿ ಬರೆಯುತ್ತಿದ್ದೇನೆ. ಸರಣಿ ನೋಡದವರು ಗಮನಿಸಿ, ಕಥೆಯ ಕೆಲವು ಗುಟ್ಟು ಇಲ್ಲಿ ಬಯಲಾಗುತ್ತವೆ.

ಮೊದಲು ಪ್ರೀಕ್ವೆಲ್. ಒಂದು ಕಥೆ ಬಂದ ಮೇಲೆ, ಅದಕ್ಕೂ ಹಿಂದೆ ನಡೆದದ್ದನ್ನು ಹೇಳುವ ಕಥೆ. ಆ್ಯಂಡೋರ್ ಇಲ್ಲಿ ಒಂದು ಹೆಜ್ಜೆ ಮುಂದೆ, ಅಲ್ಲ, ಒಂದು ಹೆಜ್ಜೆ ಹಿಂದೆ ಹೋಗಿದೆ. ಮೂಲ ಸ್ಟಾರ್ ವಾರ್ಸ್ ಸಿನಿಮಾ ಬಂದದ್ದು 1977ರಲ್ಲಿ. ಅದರಲ್ಲಿ ಸಾಮ್ರಾಜ್ಯದ ವಿರುದ್ಧ ಎದ್ದ ಬಂಡಾಯಗಾರರ ಕೈಗೆ ಡೆತ್ ಸ್ಟಾರ್ ಎಂಬ ದೈತ್ಯ ಆಯುಧದ ನಕ್ಷೆ ಸಿಕ್ಕಿರುತ್ತದೆ. ಆ ನಕ್ಷೆ ಕದ್ದವರು ಯಾರು ಎಂದು ಹೇಳಲು 2016ರಲ್ಲಿ ‘ರೋಗ್ ಒನ್’ ಬಂತು. ಅದರಲ್ಲಿದ್ದ ಕ್ಯಾಸಿಯನ್ ಆ್ಯಂಡೋರ್ ಎಂಬ ಗೂಢಚಾರ ಆ ಕೆಲಸಕ್ಕೆ ಬಂದದ್ದು ಹೇಗೆ ಎಂದು ಹೇಳಲು 2022ರಲ್ಲಿ ಈ ಸರಣಿ. ಅಂದರೆ ಪ್ರೀಕ್ವೆಲ್‌ಗೆ ಪ್ರೀಕ್ವೆಲ್. ಎರಡನೇ ಸೀಸನ್ 2025ರಲ್ಲಿ ಬಂದು ಕಥೆ ಮುಗಿಯಿತು. ಒಟ್ಟು 24 ಕಂತು. ಬರೆದು ಕಟ್ಟಿದವರು ಟೋನಿ ಗಿಲ್ರಾಯ್, ಕ್ಯಾಸಿಯನ್ ಆಗಿ ನಟಿಸಿದವರು ಡಿಯೆಗೋ ಲೂನಾ.

ಕ್ಯಾಸಿಯನ್ ರೋಗ್ ಒನ್ ಕೊನೆಯಲ್ಲಿ ಸಾಯುತ್ತಾನೆ. ಸಮುದ್ರ ತೀರದಲ್ಲಿ, ನಕ್ಷೆ ಕಳಿಸಿದ ಮೇಲೆ. ನೋಡುಗರಿಗೆ ಇದು ಮೊದಲೇ ಗೊತ್ತು. ಹಾಗಾದರೆ 24 ಕಂತು ನೋಡಲು ಏನು ಉಳಿಯಿತು? ಬೆಂಗಳೂರಿನಿಂದ ಬಂದಿದ್ದ ತಮ್ಮ ಕೇಳಿದ್ದು ಇದನ್ನೇ. ಉತ್ತರ ಕೊಟ್ಟದ್ದು ದೊಡ್ಡಮ್ಮ, ಅದೂ ಅಡುಗೆ ಮನೆಯಿಂದ: “ಅಭಿಮನ್ಯು ಸಾಯ್ತಾನೆ ಅಂತ ಗೊತ್ತಿದ್ದೂ ನಾವು ಬೆಳಗಿನವರೆಗೆ ಆಟ ನೋಡಲ್ವಾ?”

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಯಕ್ಷಗಾನದ ಪ್ರಸಂಗ ಎಲ್ಲರಿಗೂ ಬಾಯಿಪಾಠ. ಚಕ್ರವ್ಯೂಹದೊಳಗೆ ಹೋದ ಹುಡುಗ ಹೊರಗೆ ಬರುವುದಿಲ್ಲ. ಆದರೂ ಅವನು ತಾಯಿಯ ಹತ್ತಿರ ಅಪ್ಪಣೆ ಕೇಳುವಾಗ ನಾವು ಕಣ್ಣೊರೆಸಿಕೊಳ್ಳುತ್ತೇವೆ. ಮುಂದೇನು ಎಂಬ ಕುತೂಹಲ ಹೋದ ಜಾಗಕ್ಕೆ ಬೇರೆ ಕುತೂಹಲ ಬರುತ್ತದೆ. ಹೇಗೆ? ಯಾಕೆ? ಯಾವ ಮಾತಿನಿಂದ, ಯಾರ ಸಾವಿನಿಂದ ಈತ ಹೀಗಾದ? ಆ್ಯಂಡೋರ್ ಗೆದ್ದದ್ದು ಇಲ್ಲಿ. ಮೊದಲ ಕಂತಿನಲ್ಲಿ ಕ್ಯಾಸಿಯನ್‌ಗೆ ಯಾವ ಆದರ್ಶವೂ ಇಲ್ಲ. ಸಾಲ ಇದೆ, ಸುಳ್ಳು ಇದೆ, ಓಡಿಹೋಗುವ ಆಸೆ ಇದೆ. ಆ ಮನುಷ್ಯ ಐದು ವರ್ಷದಲ್ಲಿ ಆ ಸಮುದ್ರ ತೀರ ಮುಟ್ಟಬೇಕು.

ಐದು ವರ್ಷ ಅಂದೆನಲ್ಲ, ಆ ಲೆಕ್ಕ ಹೊಸಬರಿಗೆ ಗೊಂದಲ. ಸ್ಟಾರ್ ವಾರ್ಸ್ ಅಭಿಮಾನಿಗಳು ಮೂಲ ಸಿನಿಮಾದ ಯಾವಿನ್ ಯುದ್ಧವನ್ನು ಸೊನ್ನೆ ಎಂದು ಇಟ್ಟುಕೊಂಡು ವರ್ಷ ಎಣಿಸುತ್ತಾರೆ. ಅದಕ್ಕೆ ಹಿಂದಿನದು ‘ಬಿಬಿವೈ’, ಅಂದರೆ ‘ಬಿಫೋರ್ ದ ಬ್ಯಾಟಲ್ ಆಫ್ ಯಾವಿನ್’. ನಮ್ಮ ಕ್ರಿಸ್ತಪೂರ್ವ ಇದ್ದ ಹಾಗೆ, ಅಂಕಿ ಇಳಿದಷ್ಟೂ ಕಾಲ ಮುಂದೆ ಸರಿಯುತ್ತದೆ. ಮೊದಲ ಸೀಸನ್ 5 ಬಿಬಿವೈ, ಹನ್ನೆರಡೂ ಕಂತು ಹೆಚ್ಚುಕಡಿಮೆ ಒಂದೇ ವರ್ಷದ ಕಥೆ. ಎರಡನೆಯದು ಹಾಗಲ್ಲ. ಮೂರು ಕಂತಿಗೆ ಒಂದು ವರ್ಷ ಹಾರುತ್ತದೆ. 4, 3, 2, 1. ಕೊನೆಯ ಕಂತು ಮುಗಿಯುವ ಹೊತ್ತಿಗೆ ರೋಗ್ ಒನ್ ಬಾಗಿಲಿಗೆ ಬಂದು ನಿಂತಿರುತ್ತೀರಿ. ಮೊದಲು ಐದು ಸೀಸನ್ ಮಾಡುವ ಯೋಚನೆ ಇತ್ತು, ಅದನ್ನು ಎರಡಕ್ಕೆ ಇಳಿಸಿದ್ದರಿಂದ ಈ ಹಾರುವ ಲೆಕ್ಕ ಬಂತು. ನನ್ನ ಪ್ರಕಾರ ಒಳ್ಳೆಯದೇ ಆಯಿತು. ಯಾವುದನ್ನು ಮೊದಲು ನೋಡಬೇಕು ಎಂದು ಕೇಳಿದರೆ, ರೋಗ್ ಒನ್ ಮೊದಲು ಎನ್ನುವ ಗುಂಪಿಗೆ ನಾನು ಸೇರಿದವನು. ಸಾವು ಗೊತ್ತಿದ್ದರೇನೇ ಬದುಕಿನ ಒಂದೊಂದು ಕಂತೂ ಭಾರವಾಗುವುದು.

ಈಗ ಜಾಗದ ವಿಷಯಕ್ಕೆ ಬರೋಣ. ನನಗೆ ಹೆಚ್ಚು ಇಷ್ಟದ್ದು ಇದೇ.

ಬೇರೆ ಗ್ರಹ ತೋರಿಸಲು ಇವತ್ತು ಸುಲಭದ ದಾರಿ ಒಂದಿದೆ. 2019ರಲ್ಲಿ ಬಂದ ‘ದ ಮ್ಯಾಂಡಲೋರಿಯನ್’ ಸರಣಿಯಿಂದ ಅದು ಹೆಸರಾಯಿತು. ನಟರ ಸುತ್ತ ಸುಮಾರು 20 ಅಡಿ ಎತ್ತರದ ಎಲ್‌ಇಡಿ ಪರದೆಯ ಗೋಡೆ. ಅದರಲ್ಲಿ ಮರುಭೂಮಿ ಬೇಕಾದರೆ ಮರುಭೂಮಿ, ಹಿಮ ಬೇಕಾದರೆ ಹಿಮ. ಕ್ಯಾಮೆರಾ ಸರಿದ ಹಾಗೆ ಪರದೆಯ ಚಿತ್ರವೂ ಸರಿಯುತ್ತದೆ. ಆ ಬೆಳಕು ನಟನ ಮುಖದ ಮೇಲೂ ಬೀಳುವುದರಿಂದ ನಂಬುವ ಹಾಗೆ ಕಾಣುತ್ತದೆ. ಇದನ್ನು ‘ವಾಲ್ಯೂಮ್’ ಎನ್ನುತ್ತಾರೆ. ಕಂಪನಿ ನಾಟಕದಲ್ಲಿ ಹಿಂದೆ ಅರಮನೆಯ ಪರದೆ, ಕಾಡಿನ ಪರದೆ ಇಳಿಬಿಡುತ್ತಿದ್ದರಲ್ಲ, ಅದರ ಮೊಮ್ಮಗ ಇದು. ತೊಂದರೆಯೂ ಅದೇ. ಪರದೆಯೊಳಗೆ ನಡೆದು ಹೋಗಲು ಆಗುವುದಿಲ್ಲ. ನಟರು ಒಂದು ಸಣ್ಣ ಅಂಗಳದಲ್ಲೇ ಸುತ್ತುತ್ತಿರುತ್ತಾರೆ.

ಆ್ಯಂಡೋರ್ ತಂಡ ಆ ಗೋಡೆಯನ್ನು ಬಳಸಲಿಲ್ಲ. ಸೆಟ್ ಬೇಕಾದರೆ ನಿಜವಾಗಿ ಕಟ್ಟಿದರು, ಬೆಟ್ಟ ಬೇಕಾದರೆ ಬೆಟ್ಟಕ್ಕೆ ಹೋದರು. ಕ್ಯಾಸಿಯನ್ ಬೆಳೆದ ಫೆರಿಕ್ಸ್ ಎಂಬ ಊರನ್ನು ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನ ಬಯಲಲ್ಲಿ ಬೀದಿ ಸಮೇತ ಎಬ್ಬಿಸಿದರು. ಅದಕ್ಕೇ ಆ ಊರಿನ ಶವಯಾತ್ರೆಯ ದೃಶ್ಯ ಅಷ್ಟು ಗಟ್ಟಿಯಾಗಿದೆ. ಜನ ಒಂದು ಮೂಲೆ ತಿರುಗಿದರೆ ಅಲ್ಲಿ ಇನ್ನೊಂದು ಬೀದಿ ನಿಜವಾಗಿಯೂ ಇರುತ್ತದೆ. ಕಲಾ ವಿನ್ಯಾಸಕ ಲೂಕ್ ಹಲ್ ಎಂಬವರ ಹೆಸರು ಅಭಿಮಾನಿಗಳ ಬಾಯಲ್ಲಿ ನಟರಷ್ಟೇ ಓಡಾಡುವುದು ಇದಕ್ಕೇ.

ಮೊದಲ ಸೀಸನ್ ಪೂರಾ ಬ್ರಿಟನ್ನಿನಲ್ಲೇ ಸುತ್ತಿದ್ದಕ್ಕೆ ಕಾಲವೂ ಕಾರಣ. ಶೂಟಿಂಗ್ ನಡೆದದ್ದು ಕೋವಿಡ್ ಹೊತ್ತಿನಲ್ಲಿ. ಮೊದಲ ಕಂತುಗಳನ್ನು ಗಿಲ್ರಾಯ್ ತಾವೇ ನಿರ್ದೇಶಿಸಬೇಕಿತ್ತು. ಅಮೆರಿಕದಿಂದ ಬರುವುದು ಕಷ್ಟವಾಗಿ ಟೋಬಿ ಹೇನ್ಸ್ ಕೈಗೆ ಹೋಯಿತು. ದೂರದ ದೇಶಕ್ಕೆ ಹೋಗಲಾಗದ ಕಾಲದಲ್ಲಿ ದೂರದ ಗ್ರಹಗಳನ್ನು ಹತ್ತಿರದಲ್ಲೇ ಹುಡುಕಬೇಕಾಯಿತು. ನಿಯಾಮೋಸ್ ಎಂಬ ಬಿಸಿಲೂರಿನ ಬೀಚ್ ಇದೆಯಲ್ಲ, ಕ್ಯಾಸಿಯನ್ ಸುಮ್ನೆ ಅಂಗಡಿಗೆ ಹೊರಟವನು ಪೊಲೀಸರ ಕೈಗೆ ಸಿಕ್ಕಿ ಜೈಲಿಗೆ ಹೋಗುವ ಜಾಗ? ಅದು ಲ್ಯಾಂಕಶೈರ್‌ನ ಕ್ಲೀವ್ಲಿಸ್. ಗಾಳಿ, ಮೋಡ, ಚಳಿಯ ಬ್ರಿಟಿಷ್ ಸಮುದ್ರ ತೀರ. ಅಲೆ ತಡೆಯಲು ಕಟ್ಟಿದ ಕಾಂಕ್ರೀಟಿನ ಸೋಪಾನವೇ ಅಲ್ಲಿನ ವಿಶೇಷ. ಅದೇ ಪರಗ್ರಹದ ರೆಸಾರ್ಟ್ ಆಯಿತು.

ರಾಜಧಾನಿ ಕೊರಸಾಂಟ್‌ನ ಕಥೆ ಇನ್ನೂ ಮಜಾ. ಪರದೆಯ ಮೇಲೆ ಅದು ಒಂದೇ ನಗರ. ಭೂಮಿಯ ಮೇಲೆ ಅದು ಹತ್ತಾರು ಚೂರು. ಲಂಡನ್ನಿನ ಬಾರ್ಬಿಕನ್ ಮತ್ತು ಬ್ರನ್ಸ್‌ವಿಕ್ ಸೆಂಟರ್ ಎಂಬ ವಸತಿ ಕಟ್ಟಡಗಳ ಚೂರು ಅದರಲ್ಲಿವೆ. ಬಣ್ಣ ಬಳಿಯದ, ಬರಿ ಮೈಯ ಕಾಂಕ್ರೀಟು. ಮನುಷ್ಯ ಅದರ ಮುಂದೆ ಇರುವೆ. ಅಧಿಕಾರ ಹೇಗಿರುತ್ತದೆ ಎಂದು ಬಾಯಲ್ಲಿ ಹೇಳದೆ ಗೋಡೆಯಿಂದಲೇ ಹೇಳುವ ಉಪಾಯ ಅದು. ಎರಡನೇ ಸೀಸನ್ನಿನಲ್ಲಿ ಇದಕ್ಕೆ ಸ್ಪೇನಿನ ವೆಲೆನ್ಸಿಯಾ ಸೇರಿತು. ಅಲ್ಲಿನ ಕಲೆ ಮತ್ತು ವಿಜ್ಞಾನ ನಗರ ಎಂಬ ಬಿಳಿ ಕಟ್ಟಡಗಳ ಗುಂಪಿನ ಹೆಚ್ಚಿನ ಭಾಗ ಸ್ಯಾಂಟಿಯಾಗೋ ಕಲಟ್ರಾವಾ ವಿನ್ಯಾಸ. ಬಂಡಾಯಕ್ಕೆ ಗುಟ್ಟಾಗಿ ನೆರವಾಗುವ ಸೆನೆಟರ್ ಮಾನ್ ಮಾತ್ಮಾ ಸೆನೆಟ್‌ನಲ್ಲಿ ಭಾಷಣ ಮಾಡಿ ತಪ್ಪಿಸಿಕೊಂಡು ಓಡುವುದು ಆ ಅಂಗಳದಲ್ಲೇ. ಅವಳ ತವರು ಗ್ರಹ ಚಾಂಡ್ರಿಲಾದಲ್ಲಿ ಮಗಳ ಮದುವೆ ನಡೆಯುವಾಗ ಹಿಂದೆ ಬೆರಳು ಬೆರಳಾಗಿ ನಿಂತ ಬಂಡೆಗಳು ಬಾರ್ಸಿಲೋನಾ ಹತ್ತಿರದ ಮೊನ್ಸೆರಾಟ್ ಬೆಟ್ಟದ್ದು. ಇನ್ನು ರೋಗ್ ಒನ್‌ನಲ್ಲಿ ಕ್ಯಾಸಿಯನ್ ಸಾಯುವ ಸ್ಕಾರಿಫ್ ಗ್ರಹದ ತೀರಕ್ಕೆ ಮಾಲ್ಡೀವ್ಸ್‌ನ ಲಾಮು ಹವಳದ್ವೀಪ ಬಂತು. ಅದೇ ಗ್ರಹದ ಕೋಟೆಯ ಒಳಗಿನ ಓಡಾಟಕ್ಕೆ ಲಂಡನ್ನಿನ ಕ್ಯಾನರಿ ವಾರ್ಫ್ ಸುರಂಗ ರೈಲು ನಿಲ್ದಾಣ. ಜನ ಓಡಾಡದ ರಾತ್ರಿ ಹೊತ್ತಿನಲ್ಲಿ ತೆಗೆದದ್ದು. ಬಾಗಿಲ ಹೊರಗೆ ಮಾಲ್ಡೀವ್ಸ್, ಒಳಗೆ ಲಂಡನ್.

ಇದೇನು ನಮಗೆ ಹೊಸದಲ್ಲ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆಯಲು ಆಗುಂಬೆಗೆ ಬಂದರು. ಇಲ್ಲದ ಊರೊಂದನ್ನು ಇರುವ ಊರಿನಲ್ಲಿ ಕೂರಿಸಿದರು. ರೈಲು ನಿಲ್ದಾಣ ಮಾತ್ರ ಆಗುಂಬೆಯಲ್ಲಿ ಎಲ್ಲಿಂದ ಬರಬೇಕು? ಅದಕ್ಕೆ ಅರಸಾಳು ನಿಲ್ದಾಣ. 1987ರಲ್ಲಿ ದೂರದರ್ಶನದಲ್ಲಿ ನೋಡಿದವರಿಗೆ ಎರಡೂ ಸೇರಿ ಒಂದೇ ಮಾಲ್ಗುಡಿ. ಈಗ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಆಗುಂಬೆಯ ದೊಡ್ಡ ಮನೆಯ ಜಗಲಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುವವರಿಗೆ ಅದು ಆಗುಂಬೆ ಎಂದು ಗೊತ್ತು, ಆದರೂ ಸ್ವಾಮಿಯ ಮನೆ ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ನಂಬಲು ಯಾರಿಗೂ ಕಷ್ಟ ಆಗಿಲ್ಲ.

ಸರಿ, ಪತ್ತೆ ಹಚ್ಚುವುದು ಹೇಗೆ? ನಮ್ಮ ಜೋಗದಿಂದಲೇ ಹೇಳುತ್ತೇನೆ. ಯಾರೋ ಜೋಗದ ಚಿತ್ರ ತೆಗೆದು ಆಕಾಶಕ್ಕೆ ಎರಡು ಚಂದ್ರ ಹಾಕಿದರು, ನೀರಿಗೆ ನೇರಳೆ ಬಣ್ಣ ಕೊಟ್ಟರು ಎಂದುಕೊಳ್ಳಿ. ಶಿವಮೊಗ್ಗದವರಿಗೆ ಗುರುತು ಸಿಗದೆ ಇರುತ್ತದಾ? ಎಡದಿಂದ ರಾಜ, ರೋರರ್, ರಾಕೆಟ್, ರಾಣಿ. ಆ ನಾಲ್ಕು ಸೀಳು ಬಂಡೆಯಲ್ಲೇ ಇವೆ, ಬಣ್ಣ ಬಳಿದರೆ ಹೋಗುವುದಿಲ್ಲ. ಬಳುಕುವ ರಾಣಿ ಎಡಕ್ಕೆ ಬಂದಿದ್ದರೆ? ಚಿತ್ರವನ್ನು ಕನ್ನಡಿಯಂತೆ ಮಗುಚಿದ್ದಾರೆ ಎಂದು ಅರ್ಥ. ಅಭಿಮಾನಿಗಳು ಮಾಡುವುದು ಇಷ್ಟೇ. ಗ್ರಾಫಿಕ್ಸ್‌ನವರು ಸಾಮಾನ್ಯವಾಗಿ ಮೇಲಿನ ಆಕಾಶ ಬದಲಾಯಿಸುತ್ತಾರೆ, ದೂರದ ಕಟ್ಟಡ ಸೇರಿಸುತ್ತಾರೆ, ವಿದ್ಯುತ್ ಕಂಬ ಅಳಿಸುತ್ತಾರೆ. ನಟ ಕಾಲಿಟ್ಟ ನೆಲ, ಹತ್ತಿರದ ಬಂಡೆ, ಬೆಟ್ಟದ ನೆತ್ತಿಯ ಗೆರೆ ಇವನ್ನು ಮುಟ್ಟುವುದು ಕಡಿಮೆ. ಮುಟ್ಟಿದರೆ ಖರ್ಚು ಜಾಸ್ತಿ, ನಂಬಿಕೆಯೂ ಕೆಡುತ್ತದೆ. ಹಾಗಾಗಿ ಹುಡುಕುವವರು ಹೀರೋನನ್ನು ಬಿಟ್ಟು ಅವನ ಹಿಂದೆ ನೋಡುತ್ತಾರೆ. ಬೆಟ್ಟದ ಗೆರೆಯನ್ನು ಉಪಗ್ರಹ ನಕ್ಷೆಯ ಮೂರು ಆಯಾಮದ ನೋಟಕ್ಕೆ ಹೋಲಿಸುತ್ತಾರೆ. ನೆರಳು ಯಾವ ಕಡೆ ಬಿದ್ದಿದೆ ಎಂದು ನೋಡಿ ದಿಕ್ಕು ಊಹಿಸುತ್ತಾರೆ. ಗಿಡಮರ ಸುಳ್ಳು ಹೇಳುವುದಿಲ್ಲ. ಅಡಿಕೆ ಮರ ಕಂಡ ಮೇಲೆ ಇದು ಐಸ್‌ಲ್ಯಾಂಡ್ ಎಂದರೆ ನೀವು ಒಪ್ಪುತ್ತೀರಾ?

ಡ್ಯಾಮುಗಳನ್ನು ಗುರುತಿಸುವುದು ಇನ್ನೂ ಸುಲಭ. ಕ್ರುವಾಖನ್ ಡ್ಯಾಮಿನ ಹೊರಮೈಗೆ ಸಾಲು ಸಾಲು ಕಾಂಕ್ರೀಟ್ ಆನಿಕೆಗಳಿವೆ. ವಾಲುವ ಗೋಡೆಗೆ ನಾವು ಕಂಬ ಕೊಟ್ಟು ನಿಲ್ಲಿಸುತ್ತೇವಲ್ಲ, ಹಾಗೆ. ಉದ್ದ 316 ಮೀಟರ್, ಎತ್ತರ 46. ಲಿಂಗನಮಕ್ಕಿಯ ಎರಡೂಮುಕ್ಕಾಲು ಕಿಲೋಮೀಟರ್ ಉದ್ದದ ಮುಂದೆ ಅದು ಮರಿ. ಆದರೆ ಅದರ ಕೆಲಸ ಬೇರೆ. ದೊಡ್ಡಪ್ಪನಿಗೆ ಇಷ್ಟವಾದದ್ದು ಕಥೆಗಿಂತ ಇದು.

ಕ್ರುವಾಖನ್ 1965ರಲ್ಲಿ ಶುರುವಾದ ಪಂಪ್ಡ್ ಸ್ಟೋರೇಜ್ ಕೇಂದ್ರ. ಬೆಟ್ಟದ ಮೇಲೆ ಒಂದು ಕೆರೆ, ಕೆಳಗೆ ಲಾಖ್ ಆವ್ ಎಂಬ ದೊಡ್ಡ ಸರೋವರ, ನಡುವೆ ಬೆಟ್ಟವನ್ನು ಕೊರೆದು ಮಾಡಿದ ಗುಹೆಯಲ್ಲಿ ಯಂತ್ರ. ರಾತ್ರಿ ಊರು ಮಲಗಿದಾಗ ಕರೆಂಟಿಗೆ ಗಿರಾಕಿ ಇರುವುದಿಲ್ಲ. ಆಗ ಅದೇ ಕರೆಂಟಿನಿಂದ ಕೆಳಗಿನ ನೀರನ್ನು ಮೇಲಕ್ಕೆ ಎತ್ತುತ್ತಾರೆ. ಬೇಡಿಕೆ ಬಂದಾಗ ಅದೇ ನೀರು ಇಳಿಯುತ್ತದೆ, ಅದೇ ಯಂತ್ರ ತಿರುಗುಮುರುಗಾಗಿ ಸುತ್ತಿ ಕರೆಂಟು ಕೊಡುತ್ತದೆ. ಎತ್ತಲು ಹಾಕಿದ್ದರಲ್ಲಿ ಎಲ್ಲವೂ ವಾಪಸ್ ಬರುವುದಿಲ್ಲ, ಸುಮಾರು ಕಾಲು ಭಾಗ ಹೋಗುತ್ತದೆ. ಆದರೂ ಲಾಭ. ಯಾಕೆಂದರೆ ಬೇಕಾದ ಗಳಿಗೆಯಲ್ಲಿ ಎರಡೇ ನಿಮಿಷದೊಳಗೆ ಸಿಗುತ್ತದೆ. ಟಿವಿ ಧಾರಾವಾಹಿ ಮುಗಿದ ಕೂಡಲೇ ಬ್ರಿಟನ್ನಿನ ಜನ ಒಟ್ಟಿಗೆ ಟೀಗೆ ನೀರಿಟ್ಟರೆ ಕರೆಂಟಿನ ಬೇಡಿಕೆ ಧಿಡೀರ್ ಏರುತ್ತದೆ. ಅಂಥ ಹೊತ್ತಿಗೆ ಇದು. ಮೇಲಿನ ಕೆರೆ ಅಂದರೆ ಒಂದು ಬ್ಯಾಟರಿ.

“ಶರಾವತೀಲಿ ಮಾಡ್ತೀವಿ ಅಂತಿರೋದೂ ಇದೇ ಅಲ್ವಾ?” ಎಂದ ತಮ್ಮ. ಹೌದು, ಅದೇ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ, ನಡುವೆ ಸುರಂಗ ಮತ್ತು ಭೂಗತ ಪವರ್ ಹೌಸ್. 2000 ಮೆಗಾವ್ಯಾಟ್ ಯೋಜನೆ. ಎರಡೂ ಜಲಾಶಯ ಈಗಾಗಲೇ ಇವೆ. ಆದರೆ ನಡುವಿನದು ಸಿಂಗಳೀಕಗಳ ಅಭಯಾರಣ್ಯ. ಅದಕ್ಕೇ ವಿರೋಧ. ಆ ಜಗಳ ಆವತ್ತು ಮನೆಯೊಳಗೂ ಒಂದು ಗಂಟೆ ನಡೆಯಿತು. ಅದನ್ನು ಇಲ್ಲಿ ಬರೆಯಲು ಹೋದರೆ ಬೇರೆ ಲೇಖನವೇ ಬೇಕು.

ಆಲ್ಡಾನಿಯ ಕಥೆಗೆ ಮರಳುತ್ತೇನೆ. ಆ ಬೆಟ್ಟದಲ್ಲಿ ಧಾನಿ ಎಂಬ ಜನ ಇದ್ದರು. ಸಾಮ್ರಾಜ್ಯ ಅವರನ್ನು ತಗ್ಗಿನ ಕಾರ್ಖಾನೆ ಸೀಮೆಗೆ ಇಳಿಸಿತು. ಮೂರು ವರ್ಷಕ್ಕೊಮ್ಮೆ ಆಕಾಶದಲ್ಲಿ ಉಲ್ಕೆಗಳ ಬೆಳಕು ಕಾಣುತ್ತದೆ, ಅದನ್ನು ನೋಡಲು ಅವರು ತಮ್ಮ ಹಳೆಯ ಪವಿತ್ರ ಕಣಿವೆಗೆ ನಡೆದು ಬರುತ್ತಾರೆ. ದಾರಿಯಲ್ಲಿ ಹೆಂಡದಂಗಡಿ ಇಟ್ಟು ಅವರನ್ನು ಅಲ್ಲಲ್ಲೇ ಉಳಿಸಿಕೊಳ್ಳುವ ಉಪಾಯ ಅಧಿಕಾರಿಗಳದ್ದು. ಸಲದಿಂದ ಸಲಕ್ಕೆ ಬರುವವರು ಕಡಿಮೆ. ಸ್ಕಾಟ್ಲೆಂಡಿನವರಿಗೆ ಇದು ಕಟ್ಟುಕಥೆಯಾಗಿ ಕಾಣುವುದಿಲ್ಲ. 18 ಮತ್ತು 19ನೇ ಶತಮಾನದಲ್ಲಿ ಅಲ್ಲಿನ ಜಮೀನ್ದಾರರು ಕುರಿ ಸಾಕಲು ಬೆಟ್ಟದ ಒಕ್ಕಲುಗಳನ್ನು ಎಬ್ಬಿಸಿದ್ದು ಇತಿಹಾಸ. ಖಾಲಿಯಾದ ಸೀಮೆಯ ಬೆಟ್ಟದಲ್ಲಿ ಖಾಲಿ ಮಾಡಿಸುವ ಕಥೆ ತೆಗೆದಿದ್ದಾರೆ. ಲೊಕೇಶನ್ ಗೊತ್ತಾದರೆ ಮಜಾ ಹೋಗುತ್ತದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಗೊತ್ತಾದ ಮೇಲೆ ಆ ದೃಶ್ಯಕ್ಕೆ ಇನ್ನೊಂದು ತಳ ಸಿಗುತ್ತದೆ. ಅಭಿಮನ್ಯುವಿನ ಸಾವು ಗೊತ್ತಿದ್ದು ಆಟ ನೋಡಿದ ಹಾಗೇ ಇದು.

ನಮ್ಮಲ್ಲಿ ಇದಕ್ಕೆ ಒಂದೇ ಪದ ಸಾಕು, ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ಊರು, ತೋಟ, ಗದ್ದೆ ನೀರಿಗೆ ಹೋದವು. ದೊಡ್ಡಪ್ಪ ಆಗ ಚಿಕ್ಕ ಹುಡುಗ. ಅಜ್ಜ ಮನೆಯ ಕಂಬ, ಬಾಗಿಲು ಕಿತ್ತು ಗಾಡಿಗೆ ಹೇರಿದ್ದು ಅವರಿಗೆ ನೆನಪಿದೆ. ಧಾನಿ ಜನ ಸಾಲಾಗಿ ಬೆಟ್ಟ ಹತ್ತುವ ದೃಶ್ಯವನ್ನು ಅವರು ಕರೆಂಟು ಬಂದ ಮೇಲೆ ಎರಡು ಸಲ ಹಾಕಿಸಿ ನೋಡಿದರು. ಏನೂ ಹೇಳಲಿಲ್ಲ. ಹಿನ್ನೀರಿನ ಆಚೆ ಉಳಿದವರಿಗೆ ದಶಕಗಳ ಕಾಲ ಲಾಂಚೇ ಗತಿ. ಸಿಗಂದೂರಿಗೆ ಹೋಗುವವರೂ ಅದರಲ್ಲೇ ದಾಟಬೇಕಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಆದದ್ದು 2025ರ ಜುಲೈಯಲ್ಲಿ.

ನಮ್ಮ ಹಿನ್ನೀರಿನೊಳಗೂ ಒಂದು ಪ್ರೀಕ್ವೆಲ್ ಇದೆ. ಲಿಂಗನಮಕ್ಕಿಗೆ ಮುಂಚೆ ಇದೇ ಶರಾವತಿಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಡ್ಯಾಮ್ ಇತ್ತು. 1940ರ ದಶಕದಲ್ಲಿ ಕಟ್ಟಿದ್ದು, ಜೋಗದ ಮೊದಲ ಪವರ್ ಹೌಸಿಗಾಗಿ. ದೊಡ್ಡ ಡ್ಯಾಮ್ ತುಂಬಿದಾಗ ಊರಿನ ಜೊತೆ ಹಳೆಯ ಡ್ಯಾಮೂ ಮುಳುಗಿತು. ಜಲಾಶಯದ ತುಂಬು ಮಟ್ಟ 1819 ಅಡಿ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ತೀರ ಕೆಳಗಿಳಿದರೆ ಹಳೆಯ ಡ್ಯಾಮ್ ಮೇಲೇಳುತ್ತದೆ.

ಅದರ ಸೈಫನ್‌ಗಳನ್ನು, ಅಂದರೆ ಹೆಚ್ಚಾದ ನೀರು ತಾನಾಗಿ ಹೊರಗೆ ಹೋಗುವ ಕೊಳವೆಗಳನ್ನು, ನೋಡಬೇಕು. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಬಗೆ. ದೈತ್ಯ ಬಾವಿಯಂಥ ಕಾಂಕ್ರೀಟ್ ಕೊಳವೆ, ಮೇಲೆ ಗುಮ್ಮಟದ ಮುಚ್ಚಳ. ಅಂಚು ಮೀರಿದ ನೀರು ಸುಳಿಯಾಗಿ ಕೊಳವೆಯೊಳಗೆ ಇಳಿಯುತ್ತದೆ, ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕೂಡಲೇ ಸೈಫನ್ ಹಿಡಿದು ಪೂರ್ತಿ ರಭಸದಲ್ಲಿ ನೀರು ಹೊರಗೆ. ಮಟ್ಟ ಇಳಿದರೆ ಮತ್ತೆ ಗಾಳಿ ನುಗ್ಗಿ ತಾನೇ ನಿಲ್ಲುತ್ತದೆ. ಗೇಟು ಬೇಡ, ಗೇಟು ಎತ್ತುವವನೂ ಬೇಡ.

ಒಂದು ಮೇ ತಿಂಗಳು ನಾವೆಲ್ಲ ಹೋಗಿದ್ದೆವು. ಕೆರೆಯ ತಳ ಬಿರುಕು ಬಿಟ್ಟು ಹೆಂಚಿನ ಹಾಗೆ ಗಟ್ಟಿಯಾಗಿತ್ತು. ಸತ್ತ ಮರದ ಬೊಡ್ಡೆಗಳ ನಡುವೆ ಸಾಲಾಗಿ ನಿಂತ ಆ ಗುಮ್ಮಟಗಳ ಫೋಟೊ ತೆಗೆದು ತಮ್ಮ ತನ್ನ ಗೆಳೆಯರಿಗೆ ಕಳಿಸಿದ. ಯಾವ ಗ್ರಹ, ಹೇಳಿ. ಒಬ್ಬ ಸ್ಟಾರ್ ವಾರ್ಸ್‌ನ ಮರಳುಗ್ರಹ ಟ್ಯಾಟೂಯಿನ್ ಎಂದ, ಇನ್ನೊಬ್ಬ ಜೋರ್ಡಾನ್‌ನ ಮರುಭೂಮಿ ಎಂದ. ಮೂರನೆಯವನು ಚಿತ್ರ ದೊಡ್ಡದು ಮಾಡಿ ನೋಡಿದನೋ ಏನೋ, ಮೂಲೆಯಲ್ಲಿದ್ದ ದೊಡ್ಡಪ್ಪನ ಮಡಚಿದ ಪಂಚೆ ಗುರುತು ಹಿಡಿದ. “ಇದು ಸಾಗರದ ಕಡೆ ಅಲ್ವೇನೋ?”

ದೊಡ್ಡಪ್ಪ ಅಷ್ಟರಲ್ಲಿ ಸೈಫನ್‌ಗಳಿಗೆ ಬೆನ್ನು ಹಾಕಿ ಬೇರೆ ಕಡೆ ಕೈ ತೋರಿಸುತ್ತಿದ್ದರು. ಅಲ್ಲಿ ಬರೀ ಒಣ ಮಣ್ಣು ಮತ್ತು ಎರಡು ಕಲ್ಲು. “ಅಗೋ, ಅಲ್ಲಿಂದ ನಮ್ಮ ತೋಟಕ್ಕೆ ದಾರಿ.”